ಬಲಗಿವಿಗೆ ಮಾತ್ರ

ರೊಸಾಲ್ಬಾ ಕೈ ಎತ್ತಿದಳು.

ಗಾಜಿನ ಆಚೆ ಕುಳಿತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ಅವಳ ಬೆರಳು ಯಂತ್ರದ ಗುಂಡಿಯ ಮೇಲಿರಲಿಲ್ಲ. ಪಕ್ಕದ ಲೋಟದಲ್ಲಿದ್ದ ಕಾಫಿ ಕಲಕುತ್ತಿದ್ದಳು. ಚಮಚ ಕೆಳಗಿಟ್ಟು ಎದ್ದು ಬಂದು, ಡಬ್ಬದಂಥ ಆ ಪುಟ್ಟ ಕೋಣೆಯ ದಪ್ಪ ಬಾಗಿಲನ್ನು ಎಳೆದು ತೆರೆದಳು. ರೊಸಾಲ್ಬಾಳ ಕಿವಿಯ ಮೇಲಿದ್ದ ಹೆಡ್‌ಫೋನ್ ಸರಿಸಿ, ಮುಖಕ್ಕೆ ಮುಖ ಕೊಟ್ಟು ಗಟ್ಟಿಯಾಗಿ ಕೇಳಿದಳು.

"ಈಗ ಕೈ ಎತ್ತಿದ್ರಲ್ಲ ಅಮ್ಮಾ, ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು."

"ನಾನಿನ್ನೂ ಏನೂ ಹಾಕೇ ಇರ್ಲಿಲ್ಲ."

"ಹಾಗಾದ್ರೆ ಕೇಳಿಸ್ಲಿಲ್ಲ," ಎಂದಳು ರೊಸಾಲ್ಬಾ. "ಕೈ ಜೋಮು ಹಿಡಿದಿತ್ತು, ಎತ್ತಿದೆ."

ಹುಡುಗಿ ನಕ್ಕು ಬಾಗಿಲು ಮುಚ್ಚಿದಳು. ಅವಳ ಹೆಸರು ಇತ್ಸೆಲ್ ಎಂದು ಬಿಳಿ ಕೋಟಿನ ಮೇಲೆ ಬರೆದಿತ್ತು. ಮತ್ತೆ ಪರೀಕ್ಷೆ ಶುರುವಾಯಿತು. ದೂರದಲ್ಲೆಲ್ಲೋ ದೊಡ್ಡ ಡೋಲಿನೊಳಗೆ ಜೇನ್ನೊಣ ಸಿಕ್ಕಿಕೊಂಡಂಥ ಒಂದು ದನಿ ಬಂತು, ಕೈ ಎತ್ತಿದಳು. ಅದಕ್ಕಿಂತ ಸಣ್ಣ ದನಿ, ಕೈ ಎತ್ತಿದಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗಾಜಿನ ಆಚೆ ಇತ್ಸೆಲ್‌ಳ ಬೆರಳು ಮಾತ್ರ ಗುಂಡಿ ಒತ್ತುತ್ತಲೇ ಇತ್ತು. ಆ ಬೆರಳನ್ನು ನೋಡುತ್ತ ಕುಳಿತಿದ್ದಾಗ ಎಡಗಿವಿಯ ಹಿಂದಿನಿಂದ ಮತ್ತೆ ಬಂತು. ತಗ್ಗಿನಿಂದ ಹೊರಟು, ಮೇಲಕ್ಕೇರಿ, ಕೊನೆಯಲ್ಲಿ ಒಂಚೂರು ಬಾಗುವ ಶಿಳ್ಳೆ. ಈ ಸಲ ರೊಸಾಲ್ಬಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ತುಟಿ ಮಾತ್ರ ತಾನಾಗಿಯೇ ಮುಂದೆ ಬಂತು. ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದಳು.

ಹೊರಗಿನ ಬೆಂಚಿನ ಮೇಲೆ ಅವಳ ನಾದಿನಿ ಚೆಲಾ ಕುಳಿತಿದ್ದಳು. ಬಲಗೈಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಹಳೆಯ ಪತ್ರಿಕೆಯೊಂದರ ಹಾಳೆ ತಿರುವಲು ಒದ್ದಾಡುತ್ತಿದ್ದವಳು ಇವರಿಬ್ಬರೂ ಹೊರಬಂದದ್ದೇ ಎದ್ದು ನಿಂತಳು.

ಇತ್ಸೆಲ್ ಮೇಜಿನ ಮೇಲೆ ಒಂದು ನಕ್ಷೆ ಹರಡಿದಳು. ಅದರಲ್ಲಿ ಎರಡು ಗೆರೆಗಳು ಎಡದಿಂದ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಗುಡ್ಡದಂಚಿನಿಂದ ಕಾಲು ಜಾರಿದಂತೆ ಕೆಳಕ್ಕೆ ಬಿದ್ದಿದ್ದವು.

"ತಗ್ಗಿನ ದನಿಗಳು ಒಂದು ಮಟ್ಟಕ್ಕೆ ಕೇಳ್ತವೆ. ಗಂಡಸರ ಮಾತು, ಲಾರಿ, ಬಾಗಿಲು ಬಡಿದದ್ದು. ಎತ್ತರದ ದನಿ ಪೂರ್ತಿ ಹೋಗಿದೆ. ಹಕ್ಕಿ, ಮಕ್ಕಳ ಮಾತು, ಶಿಳ್ಳೆ, ಇವು ಯಾವುದೂ ಇಲ್ಲ. ಎರಡು ಕಿವೀಲೂ."

"ಶಿಳ್ಳೆ ಇಲ್ವಾ?" ಎಂದಳು ಚೆಲಾ. "ಏನಮ್ಮಾ ಹೇಳ್ತಿದೀಯ? ನಮ್ಮತ್ತಿಗೆ ದಿನಾ ಶಿಳ್ಳೆಗೆ ಉತ್ತರ ಕೊಡ್ತಾಳೆ. ನಮ್ಮ ಕೆಲಸ ನಡೆಯೋದೇ ಅದರ ಮೇಲೆ."

"ಪಕ್ಕದಲ್ಲೇ ನಿಂತು ಊದಿದ್ರೆ ಗಾಳಿ ಬಡಿದ ಹಾಗೆ ಗೊತ್ತಾಗಬಹುದು. ಕೇಳಿಸೋಕೆ ಸಾಧ್ಯ ಇಲ್ಲ."

ಚೆಲಾ ತನ್ನ ಕೈಗೆ ಸುತ್ತಿದ ಬಟ್ಟೆಯನ್ನು ನೋಡಿಕೊಂಡಳು. ಆಮೇಲೆ ರೊಸಾಲ್ಬಾಳನ್ನು.

"ಮತ್ತೆ ಎರಡು ವರ್ಷದಿಂದ ಯಾರಿಗೆ ಉತ್ತರ ಕೊಡ್ತಿದ್ದೆ ಅತ್ತಿಗೆ?"

"ಅಂದಾಜಿನ ಮೇಲೆ," ಎಂದಳು ರೊಸಾಲ್ಬಾ. "ಭಾವ ಬರೋ ಹೊತ್ತು ಗೊತ್ತಲ್ಲ. ಬಾಗಿಲ ಸಂದೀಲಿ ನೆರಳು ಕಾಣುತ್ತೆ."

"ಅಂದಾಜಿನ ಮೇಲೆ ಪಟಾಕಿ ಮದ್ದು! ದೇವರೇ, ನನ್ನ ಕೈ ಒಂದೇ ಸುಟ್ಟಿದ್ದು ನನ್ನ ಪುಣ್ಯ." ಚೆಲಾ ಶಿಲುಬೆಯ ಗುರುತು ಹಾಕಿಕೊಳ್ಳಲು ಬಲಗೈ ಎತ್ತಿ, ನೋವಾಗಿ, ಎಡಗೈಯಲ್ಲೇ ಮುಗಿಸಿದಳು. "ಎಲ್ಲಿದೆಯಮ್ಮಾ ನಿಮ್ಮ ಬಚ್ಚಲು? ಮುಖಕ್ಕೆ ನೀರು ಹಾಕ್ಕೋಬೇಕು."

ಚೆಲಾ ಆಚೆ ಹೋದ ಮೇಲೆ ಇತ್ಸೆಲ್ ಗಾಜಿನ ಕಪಾಟಿನಿಂದ ಯಂತ್ರಗಳನ್ನು ತೆಗೆದು ಜೋಡಿಸತೊಡಗಿದಳು. ಕಿವಿಯ ಹಿಂದೆ ಕೂರುವಂಥವು, ಕಿವಿಯೊಳಗೇ ಅಡಗುವಂಥವು, ಕೂದಲ ಬಣ್ಣದವು, ಚರ್ಮದ ಬಣ್ಣದವು. ಒಲೆಯ ಮುಂದೆ ಕೆಲಸವಾದರೆ ಯಾವುದು, ಧೂಳಿನಲ್ಲಾದರೆ ಯಾವುದು, ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದೆಲ್ಲ ಹೇಳುತ್ತಿದ್ದಳು. ರೊಸಾಲ್ಬಾ ಅವಳ ತುಟಿಗಳನ್ನೇ ನೋಡುತ್ತಿದ್ದವಳು ನಡುವೆ ಕೇಳಿದಳು.

"ನನ್ನ ಪರಿಚಯದವಳೊಬ್ಬಳಿದ್ದಾಳೆ. ನನ್ನ ಹಾಗೇ ಕಿವಿ ಹೋದವಳು. ಅವಳಿಗೆ ಇಲ್ಲದ ದನಿ ಕೇಳುತ್ತಂತೆ."

"ಗುಂಯ್ ಅಂತಾನಾ?"

"ಅದಲ್ಲ. ಒಬ್ಬರು ಕರೆದ ಹಾಗೆ."

ಇತ್ಸೆಲ್ ಕೈಯಲ್ಲಿದ್ದ ಯಂತ್ರವನ್ನು ಕೆಳಗಿಟ್ಟಳು. ಈಗ ಅವಳು ಗಟ್ಟಿಯಾಗಿ ಮಾತಾಡಲಿಲ್ಲ. ತುಟಿಗಳನ್ನು ನಿಧಾನವಾಗಿ ಆಡಿಸಿದಳು.

"ಆಗುತ್ತೆ ಅಮ್ಮಾ. ಅದು ಹುಚ್ಚಲ್ಲ. ಕಿವಿಯಿಂದ ಏನೂ ಬರದೇ ಇದ್ದಾಗ ತಲೆ ತಾನೇ ಏನಾದ್ರೂ ಮಾಡ್ಕೊಳ್ಳುತ್ತೆ. ಒಬ್ಬರಿಗೆ ಚರ್ಚಿನ ಹಾಡು, ಇನ್ನೊಬ್ಬರಿಗೆ ನೀರು ಹರಿಯೋ ಸದ್ದು. ನಿಮ್ಮ ಪರಿಚಯದವರಿಗೆ ಹೇಳಿ, ಯಂತ್ರ ಹಾಕ್ಕೊಂಡ್ರೆ ಬಹಳ ಜನಕ್ಕೆ ಅದು ಹೋಗಿಬಿಡುತ್ತೆ. ನಿಜವಾದ ದನಿ ಬಂದ್ರೆ ಅದಕ್ಕೆ ಜಾಗ ಇರೋದಿಲ್ಲ."

"ಹೋಗುತ್ತೆ," ಎಂದಳು ರೊಸಾಲ್ಬಾ.

"ಹೌದು. ಹೆದರೋದು ಬೇಡ."

ತಮ್ಮೂರು ಸಾನ್ ಬಾರ್ತೊಲೊಗೆ ಹೋಗುವ ವ್ಯಾನಿನಲ್ಲಿ ಚೆಲಾ ಕಿಟಕಿಯ ಕಡೆ ಕುಳಿತಳು. ದಾರಿಯುದ್ದಕ್ಕೂ ಅವಳ ಬಾಯಿ ಆಡುತ್ತಲೇ ಇತ್ತು. ಎಂಜಿನ್ನಿನ ಅಬ್ಬರದಲ್ಲಿ ರೊಸಾಲ್ಬಾಳಿಗೆ ಏನೂ ತಿಳಿಯಲಿಲ್ಲ. ತಲೆಯಾಡಿಸಬೇಕಾದ ಕಡೆ ತಲೆಯಾಡಿಸಿದಳು. ಎರಡು ವರ್ಷದಲ್ಲಿ ಅದನ್ನು ಚೆನ್ನಾಗಿ ಕಲಿತಿದ್ದಳು.

ಊರಿನಾಚೆ ಬೋಳುಗುಡ್ಡದ ಇಳಿಜಾರಿನಲ್ಲಿ ಅವರ ಮನೆತನದವರು ಬಾಣಬಿರುಸು ತಯಾರಿಸುವ ಮದ್ದಿನ ಕೋಣೆಗಳಿದ್ದವು. ಒಂದರಿಂದ ಒಂದಕ್ಕೆ ಕಲ್ಲೆಸೆದರೆ ಮುಟ್ಟದಷ್ಟು ದೂರ, ಒಂದೊಂದರಲ್ಲಿ ಒಬ್ಬೊಬ್ಬರು. ಒಂದು ಹಾರಿದರೆ ಇನ್ನೊಂದು ಉಳಿಯಲಿ ಎಂದು ಹಿರಿಯರು ಹಾಗೆ ಕಟ್ಟಿದ್ದರು. ಪ್ರತಿ ಕೋಣೆಯ ಮುಂದೆಯೂ ತುಸು ದೂರದಲ್ಲಿ ಸುಣ್ಣ ಬಳಿದ ಒಂದು ಕಲ್ಲು. ಮದ್ದು ಹೊತ್ತು ಬಂದವರು ಆ ಕಲ್ಲಿನ ಹತ್ತಿರ ನಿಂತು ಶಿಳ್ಳೆ ಹಾಕಬೇಕು. ಕೂಗುವಂತಿಲ್ಲ, ಕೂಗಿದರೆ ಒಳಗಿನವರ ಕೈ ಬೆಚ್ಚುತ್ತದೆ. ಒಳಗಿನವರು ಕೆಲಸ ನಿಲ್ಲಿಸಿ, ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಆಮೇಲೆ ಉತ್ತರ ಕೊಡಬೇಕು. ಕರೆಯುವ ಶಿಳ್ಳೆ ಒಬ್ಬೊಬ್ಬರದು ಒಂದೊಂದು ರೀತಿ. ಉತ್ತರ ಮಾತ್ರ ಎಲ್ಲರದ್ದೂ ಒಂದೇ: ಚಿಕ್ಕದಾಗಿ, ಎರಡು ಸಲ. ಅದು ಸಿಗುವವರೆಗೂ ಹೊತ್ತು ತಂದವರು ಕಲ್ಲು ಬಿಟ್ಟು ಕದಲುವಂತಿಲ್ಲ, ಬಿಸಿಲಾಗಲಿ ಮಳೆಯಾಗಲಿ.

ರೊಸಾಲ್ಬಾಳ ಗಂಡ ಹೆನಾರೊ ಎರಡು ವರ್ಷದ ಹಿಂದೆ ಆ ಕಲ್ಲಿನ ಹತ್ತಿರವೇ ಸತ್ತಿದ್ದ. ಒಣಗಿದ ನೀಲಿ ಮದ್ದಿನ ಗುಳಿಗೆಗಳ ತಟ್ಟೆ ಹೊತ್ತು ಹೆಂಡತಿಯ ಕೋಣೆಗೆ ಬರುತ್ತಿದ್ದ. ಕಲ್ಲಿನ ಬಳಿ ನಿಂತ, ಶಿಳ್ಳೆ ಹಾಕಿದ. ರೊಸಾಲ್ಬಾ ಜರಡಿ ಕೆಳಗಿಟ್ಟು ಬಟ್ಟೆ ಮುಚ್ಚಿದಳು. ಉತ್ತರಕ್ಕೆ ತುಟಿ ಮುಂದೆ ಬಂದಿತ್ತು. ಆಗ ಬಾಗಿಲಿನ ಜಾಗದಲ್ಲಿ ಬಾಗಿಲು ಇರಲಿಲ್ಲ. ತಟ್ಟೆಯ ಮದ್ದು ಯಾಕೆ ಸಿಡಿಯಿತೆಂದು ಯಾರಿಗೂ ತಿಳಿಯಲಿಲ್ಲ. ಚಳಿಗಾಲದ ಒಣ ಗಾಳಿ ಎಂದರು, ಕಾಲಿಗೆ ಸಿಕ್ಕ ಕಲ್ಲು ಎಂದರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳ ಸುತ್ತ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಸದ್ದಿರಲಿಲ್ಲ. ಆ ಸದ್ದಿಲ್ಲದ ಜಾಗದೊಳಗೆ, ಎಡಗಿವಿಯ ಹಿಂದಿನಿಂದ, ಅವನು ಇನ್ನೂ ಶಿಳ್ಳೆ ಹಾಕುತ್ತಿದ್ದ. ಅವಳು ಉತ್ತರ ಕೊಟ್ಟಳು. ಅಂದಿನಿಂದ ಕೊಡುತ್ತಲೇ ಇದ್ದಳು. ಪಾತ್ರೆ ತೊಳೆಯುವಾಗ, ಸಂತೆಯಲ್ಲಿ ಈರುಳ್ಳಿ ಆರಿಸುವಾಗ, ಮದ್ದು ಜರಡಿ ಹಿಡಿಯುವಾಗ.

ಕಳೆದ ತಿಂಗಳು ಭಾವ, ಹೆನಾರೊನ ಅಣ್ಣ ಎಲಿಸೆಯೊ, ಚೆಲಾಳ ಕೋಣೆಯ ಮುಂದಿನ ಕಲ್ಲಿನ ಹತ್ತಿರ ನಿಂತಿದ್ದ. ಚೆಲಾ ಮರದ ಕೊಡತಿಯಲ್ಲಿ ಕೊಳವೆಗೆ ಮದ್ದು ಬಡಿದು ತುಂಬುತ್ತಿದ್ದಳು. ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ. ಕೆಳಗಿನ ಕೋಣೆಯಲ್ಲಿ ರೊಸಾಲ್ಬಾ ಉತ್ತರ ಕೊಟ್ಟಳು, ಯಾರ ಶಿಳ್ಳೆಗೆಂದು ಅವಳಿಗೆ ಮಾತ್ರ ಗೊತ್ತಿತ್ತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಎಲಿಸೆಯೊ ಅದು ಚೆಲಾಳದೇ ಎಂದುಕೊಂಡು ಒಳಗೆ ಹೋದ. ಬೆಚ್ಚಿಬಿದ್ದ ಚೆಲಾಳ ಕೈಯಿಂದ ಕೊಡತಿ ಜಾರಿ ತಪ್ಪಾಗಿ ಬಡಿಯಿತು. ಒಂದೇ ಕೊಳವೆ ಹತ್ತಿಕೊಂಡಿತು. ಮೂಲೆಯ ಮರಳಿನ ಬಕೆಟ್ಟು ಎಲಿಸೆಯೊನ ಕೈಗೆ ಸಿಕ್ಕಿತು.

ಮರುದಿನ ಅವನು ಮನೆಯ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ್ದ. ಕೈಸನ್ನೆಯಲ್ಲೂ ಹೇಳಿದ್ದ, ತಪ್ಪು ತಿಳಿಯದಿರಲೆಂದು.

"ನೀನು ಕಿವಿಗೆ ಯಂತ್ರ ಹಾಕ್ಕೊಂಡು ಬಂದ್ರೆ ಮದ್ದಿನ ಕೋಣೆ ನಿಂದೇ. ಹಾಕ್ಕೊಳ್ದೇ ಇದ್ರೆ ಮನೇಲಿ ಕೂತು ಗೂಳಿಗಳಿಗೆ ಕಾಗದ ಅಂಟಿಸು. ಅದೂ ಕೆಲಸಾನೇ, ನಾನು ಕೀಳು ಅಂತಿಲ್ಲ. ಆದ್ರೆ ಗುಡ್ಡ ಹತ್ತಬೇಡ ರೊಸಾಲ್ಬಾ. ಇನ್ನೊಂದು ಹೆಣ ಇಳಿಸೋ ಶಕ್ತಿ ನನಗಿಲ್ಲ."

ಕಾಗದ ಅಂಟಿಸುವ ಕೆಲಸವನ್ನು ಮುದುಕಿಯರು, ಬಸುರಿಯರು ಮಾಡುತ್ತಿದ್ದರು. ಹಬ್ಬದಲ್ಲಿ ಉರಿಸುವ ಬಿದಿರಿನ ಗೂಳಿಗೆ ಕಾಗದದ ಮೈ ಹೊದಿಸಿ, ಕಣ್ಣು ಬರೆದು, ಬೆನ್ನಿನ ಮೇಲೆ ಬಾಣಬಿರುಸು ಕಟ್ಟಲು ಗಂಡಸರಿಗೆ ಕೊಡುವುದು. ರೊಸಾಲ್ಬಾಳ ಕೈಯಲ್ಲಿದ್ದದ್ದು ಬೇರೆ. ನೀಲಿ ಬೆಂಕಿ ಮಾಡುವುದು ಎಲ್ಲರಿಗೂ ಬರುವುದಿಲ್ಲ. ಒಂಚೂರು ಬಿಸಿ ಹೆಚ್ಚಾದರೆ ಬೆಳ್ಳಗೆ ಉರಿದುಹೋಗುತ್ತದೆ. ಆ ಗುಡ್ಡದಲ್ಲಿ ನಿಜವಾದ ನೀಲಿ ಮಾಡುತ್ತಿದ್ದವರು ಇಬ್ಬರು, ಹೆನಾರೊ ಮತ್ತು ಅವಳು. ಹಬ್ಬದ ದಿನ ಆಕಾಶದಲ್ಲಿ ಆ ನೀಲಿ ತೆರೆದುಕೊಂಡಾಗ ಜನ ಕತ್ತು ಹಿಂದಕ್ಕೆ ಹಾಕಿ ನಿಲ್ಲುತ್ತಿದ್ದರು. ಅದೊಂದೇ ಕೆಲಸ ಅವಳಿಗೆ ಬೆಳಗ್ಗೆ ಹಾಸಿಗೆಯಿಂದ ಏಳಲು ಕಾರಣ ಕೊಡುತ್ತಿತ್ತು.

ವ್ಯಾನಿನಿಂದ ಇಳಿದಾಗ ಚೆಲಾ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಷ್ಟೂ ಹೊತ್ತು ಏನು ಹೇಳಿದೆ ಹೇಳು ನೋಡೋಣ."

"ಬಯ್ದೆ."

"ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ನಾನು ಹೇಳಿದ್ದು, ಈ ತಿಂಗಳ ಚೀಟಿ ನನ್ನ ಪಾಲಿಗೆ ಬಂದಿದೆ, ಅದನ್ನ ನಿನ್ನ ಕಿವಿಗೆ ಹಾಕು ಅಂತ. ಎರಡಕ್ಕೂ. ಆಮೇಲೆ ನೀನು ತಲೆಯಾಡಿಸ್ದೆ. ಆದ್ದರಿಂದ ಒಪ್ಪಿದ ಹಾಗಾಯ್ತು."

"ಚೆಲಾ..."

"ಚೆಲಾನೂ ಇಲ್ಲ ಗಿಲಾನೂ ಇಲ್ಲ. ಒಂದು ಕೈಲಿ ಹಿಟ್ಟು ತಟ್ಟಿ ತಟ್ಟಿ ನನ್ನ ತೋರ್ತಿಯಾ ದೇಶದ ನಕ್ಷೆ ಥರ ಆಗ್ತಿದೆ. ನನ್ನ ಗಂಡ ತಟ್ಟೆ ನೋಡಿ, ಇವತ್ತು ಯಾವ ರಾಜ್ಯ ತಿನ್ಬೇಕು ಅಂತಾನೆ."

ರೊಸಾಲ್ಬಾ ನಕ್ಕಳು. ನಕ್ಕದ್ದು ಗೊತ್ತಾದ ಕೂಡಲೇ ನಿಲ್ಲಿಸಿದಳು.

ಮನೆಯಲ್ಲಿ ಅತ್ತೆ ತೆಯೊಫಿಲಾ ಅಡುಗೆಗೆಂದು ಕಳ್ಳಿಯ ಹಲಗೆಗಳ ಮುಳ್ಳು ಹೆರೆಯುತ್ತಿದ್ದಳು. ಸೊಸೆ ಬಂದು ಎದುರು ಕುಳಿತು ಇನ್ನೊಂದು ಚಾಕು ತೆಗೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಹೆರೆದರು. ಮುದುಕಿ ಹೆಚ್ಚು ಮಾತಿನವಳಲ್ಲ. ಮಗ ಹೋದ ಮೇಲೆ ಇನ್ನೂ ಕಡಿಮೆಯಾಗಿತ್ತು. ಸೊಸೆಯ ಕಿವಿ ಹೋದದ್ದು ಅವಳಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಗಿತ್ತು.

ಮುದುಕಿ ಚಾಕುವಿನ ಹಿಡಿಯಿಂದ ಮೇಜು ತಟ್ಟಿದಳು. ರೊಸಾಲ್ಬಾ ತಲೆ ಎತ್ತಿದಳು.

"ಏನಂದ್ಲು ಆ ಹುಡುಗಿ?"

"ಎರಡೂ ಕಿವಿಗೆ ಹಾಕ್ಕೋಬೇಕಂತೆ ಅತ್ತೆ."

"ಹಾಕ್ಕೊಂಡ್ರೆ ಅವನು ಬರೋದು ನಿಲ್ಲುತ್ತಾ?"

ರೊಸಾಲ್ಬಾಳ ಕೈ ನಿಂತಿತು. ತುಟಿಯ ಓದಿನಲ್ಲಿ ತಪ್ಪಿದೆನೇನೋ ಎಂದು ಮುದುಕಿಯ ಮುಖವನ್ನೇ ನೋಡಿದಳು. ತೆಯೊಫಿಲಾ ಚಾಕುವನ್ನು ಸೆರಗಿನಂತಿದ್ದ ತನ್ನ ಅಡುಗೆಬಟ್ಟೆಗೆ ಒರೆಸಿ ಮತ್ತೆ ಹೇಳಿದಳು, ಇನ್ನೂ ನಿಧಾನವಾಗಿ.

"ನಿನಗೆ ಕಿವಿ ಇಲ್ಲ, ನನಗಿದೆ. ಒಲೆ ಮುಂದೆ ನಿಂತು ಎರಡು ಸಲ ಶಿಳ್ಳೆ ಹಾಕ್ತೀಯ. ಬಟ್ಟೆ ಹಿಂಡುವಾಗ ಹಾಕ್ತೀಯ. ಮೊದಮೊದಲು ಹಳೇ ರೂಢಿ ಅಂದುಕೊಂಡೆ. ಆಮೇಲೆ ನಿನ್ನ ಮುಖ ನೋಡ್ದೆ. ಯಾರೋ ಕರೆದಾಗ ತಿರುಗ್ತಾರಲ್ಲ, ಹಾಗೆ ತಿರುಗಿರ್ತೀಯ."

ರೊಸಾಲ್ಬಾ ಚಾಕು ಕೆಳಗಿಟ್ಟಳು.

"ನಂಗೆ ಒಂದು ಸಲವೂ ಬರ್ಲಿಲ್ಲ," ಎಂದಳು ಮುದುಕಿ. "ಸತ್ತವರ ದಿನ ಅವನಿಗೆ ಇಷ್ಟದ್ದೆಲ್ಲ ಮಾಡಿಡ್ತೀನಿ. ದಾರಿ ಕಾಣ್ಲಿ ಅಂತ ಬಾಗಿಲಿಂದ ಹೂವು ಹಾಕ್ತೀನಿ. ಕಾಯ್ತೀನಿ. ನಾಯಿ ಬರುತ್ತೆ, ತಿನ್ನುತ್ತೆ." ಒಂದು ಹಲಗೆ ಹೆರೆದು ಮುಗಿಸಿದಳು. "ಹೇಗಿದ್ದಾನೆ?"

"ಶಿಳ್ಳೆ ಮಾತ್ರ ಕೇಳುತ್ತೆ ಅತ್ತೆ. ಬೇರೇನೂ ಇಲ್ಲ."

"ಶಿಳ್ಳೆ ಹೇಗಿದೆ? ದಣಿದ ಹಾಗಿದೆಯಾ?"

ರೊಸಾಲ್ಬಾ ಯೋಚಿಸಿದಳು. ಹಾಗೆ ಅವಳು ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

"ಇಲ್ಲ. ಆವತ್ತಿನ ಹಾಗೇ ಇದೆ. ಸ್ವಲ್ಪ ಆತುರ ಇದೆ. ತಟ್ಟೆ ಭಾರ ಇರೋವಾಗ ಹಾಕ್ತಿದ್ದನಲ್ಲ, ಹಾಗೆ."

ತೆಯೊಫಿಲಾ ತಲೆಯಾಡಿಸಿದಳು. ಆಮೇಲೆ ಎದ್ದು, ಹೆರೆದ ಹಲಗೆಗಳನ್ನು ನೀರಿಗೆ ಹಾಕಿ, ಬೆನ್ನು ಮಾಡಿಯೇ ಏನೋ ಹೇಳಿದಳು. ರೊಸಾಲ್ಬಾಳಿಗೆ ಅದು ಕೇಳಿಸಲಿಲ್ಲ. ಮುದುಕಿ ತಿರುಗಿ ಮತ್ತೆ ಹೇಳಲೂ ಇಲ್ಲ.

ಗುರುವಾರ ಅವರು ಮತ್ತೆ ಇತ್ಸೆಲ್‌ಳ ಕಿವಿಯಂತ್ರದ ಅಂಗಡಿಗೆ ಹೋದರು. ಇತ್ಸೆಲ್ ಎರಡೂ ಕಿವಿಯ ಹಿಂದೆ ಒಂದೊಂದು ಯಂತ್ರ ಕೂರಿಸಿ, ಸಣ್ಣ ಕೊಳವೆಯನ್ನು ಒಳಗೆ ತೂರಿಸಿ, ಕಂಪ್ಯೂಟರಿನಲ್ಲಿ ಏನೇನೋ ತಿರುಗಿಸಿದಳು.

"ಈಗ?"

ಆ ಒಂದು ಮಾತು ತಗಡಿನ ಮೇಲೆ ಉಗುರು ಎಳೆದಂತೆ ಬಂತು. ರೊಸಾಲ್ಬಾ ಕುರ್ಚಿಯ ಕೈ ಹಿಡಿದುಕೊಂಡಳು. ತನ್ನ ಉಸಿರು ಕೇಳುತ್ತಿತ್ತು. ಎಂಜಲು ನುಂಗಿದ್ದು ಕೇಳುತ್ತಿತ್ತು. ಚೆಲಾ ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಹತ್ತಿರದಲ್ಲೇ ಬೆಂಕಿ ಹತ್ತಿಕೊಂಡಂತಾಗಿ ತಿರುಗಿ ನೋಡಿದಳು.

"ಮೊದಲು ಹೀಗೇ ಆಗುತ್ತೆ. ಆಚೆ ಒಂದು ಸುತ್ತು ಹೋಗಿ ಬನ್ನಿ. ಆತುರ ಬೇಡ, ಆಮೇಲೆ ಹೇಳಿ."

ಬೀದಿ ತುಂಬ ಸದ್ದಿತ್ತು. ತೋರ್ತಿಯಾ ಯಂತ್ರ ಕಿರುಗುಡುತ್ತಿತ್ತು. ಗ್ಯಾಸ್ ಸಿಲಿಂಡರಿನ ಲಾರಿಯವನು ಹಿಂದೆ ಕಟ್ಟಿದ ಸರಪಳಿಯನ್ನು ರಸ್ತೆಗೆ ಎಳೆದುಕೊಂಡು ಹೋದ. ಮರದೊಳಗಿಂದ ಗುಬ್ಬಿಗಳು ಒಟ್ಟಿಗೇ ಜಗಳ ತೆಗೆದವು. ಅವು ಇಷ್ಟು ಗಲಾಟೆ ಮಾಡುತ್ತವೆಂಬುದು ಅವಳಿಗೆ ಮರೆತೇಹೋಗಿತ್ತು. ಚೆಲಾ ಪಕ್ಕದಲ್ಲಿ ಚಪ್ಪಲಿ ಎಳೆದುಕೊಂಡು ನಡೆಯುತ್ತಿದ್ದಳು.

"ಕೇಳ್ತಿದೆಯಾ ಅತ್ತಿಗೆ?"

"ಕಾಲೆತ್ತಿ ನಡಿ. ಕೇಳ್ತಿದೆ."

"ಅಯ್ಯೋ, ಬಂತು ನೋಡು!" ಎಂದು ಚೆಲಾ ಬೀದಿಯಲ್ಲೇ ಅವಳನ್ನು ತಬ್ಬಿಕೊಂಡಳು. ಯಂತ್ರಗಳೆರಡೂ ಕೀರೆಂದವು. "ಏನದು? ನಾನು ಮುರಿದೆನಾ?"

ಚರ್ಚಿನ ಮುಂದಿನ ಚೌಕದಲ್ಲಿ ಕುಳಿತು ಬೇಯಿಸಿದ ಜೋಳದ ಕಾಳು ತಿಂದರು. ಚೆಲಾ ಖಾರ ಹೆಚ್ಚು ಹಾಕಿಸಿಕೊಂಡು ಮೂಗು ಸೊರಗುಟ್ಟಿಸುತ್ತಿದ್ದಳು. ರೊಸಾಲ್ಬಾ ಕಾಯುತ್ತಿದ್ದಳು. ಗುಬ್ಬಿಗಳ ಹಿಂದೆ, ಸರಪಳಿಯ ಹಿಂದೆ, ಮಕ್ಕಳ ಕೂಗಿನ ಹಿಂದೆ ಹುಡುಕಿದಳು. ಲೋಟದ ತಳದವರೆಗೂ ತಿಂದು ಮುಗಿಸಿದಳು. ಏನೂ ಬರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಮನೆಯ ಮೊಳೆಯಲ್ಲಿ ಅವನ ಟೋಪಿ ಇದ್ದದ್ದನ್ನು ನೋಡಿ, ಇವನು ಟೋಪಿ ಬಿಟ್ಟು ಎಲ್ಲಿಗೆ ಹೋದ ಎಂದು ಒಂದು ಕ್ಷಣ ಅಂದುಕೊಂಡಿದ್ದಳು. ಈಗಲೂ ಹಾಗೆಯೇ ಅನಿಸಿತು. ಈ ಸಲ ಟೋಪಿಯೂ ಇರಲಿಲ್ಲ.

ಎಡಗಿವಿಯ ಯಂತ್ರವನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆ ಪಕ್ಕದ ಬೀದಿ ನೀರಿನಲ್ಲಿ ಮುಳುಗಿದಂತೆ ಮಂಕಾಯಿತು. ಮೊದಲು ಹಬೆಯಂಥ ಸದ್ದೊಂದು ಏರಿತು. ಅವಳು ಕಣ್ಣು ಮುಚ್ಚಿದಳು. ಚೆಲಾ ಎರಡನೆಯ ಲೋಟಕ್ಕೆ ಎದ್ದುಹೋದಳು, ಬಂದಳು, ಕುಳಿತಳು. ಆಮೇಲೆ, ಬಹಳ ದೂರದಿಂದ, ಅದು ಹೊರಟಿತು. ತಗ್ಗಿನಿಂದ ಮೇಲಕ್ಕೆ, ಕೊನೆಯಲ್ಲಿ ಒಂಚೂರು ಬಾಗಿ. ಬಲಗಡೆಯಲ್ಲಿ ಗುಬ್ಬಿಗಳು ಕೂಗುತ್ತಲೇ ಇದ್ದವು. ಈ ಎರಡೂ ಬೇರೆಬೇರೆ ಬದಿಯಲ್ಲಿದ್ದವು, ಒಂದರೊಳಗೊಂದು ಬೆರೆಯಲಿಲ್ಲ.

ಅವಳು ಉತ್ತರ ಕೊಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ ಹಲ್ಲು ಕಚ್ಚಿ ಕುಳಿತಳು.

"ಒಂದೇ ಸಾಕು," ಎಂದಳು ಅಂಗಡಿಯಲ್ಲಿ. "ಬಲಗಿವಿಗೆ."

ಇತ್ಸೆಲ್ ತಿಳಿಸಿ ಹೇಳಿದಳು. ಎರಡೂ ಇದ್ದರೆ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುತ್ತದೆ. ಗಲಾಟೆಯಲ್ಲಿ ಮಾತು ಬಿಡಿಸಿಕೊಳ್ಳಲು ಸುಲಭ. ಹಾಗೇ ಬಿಟ್ಟ ಕಿವಿ ಮಾತನ್ನು ಮರೆಯುತ್ತಾ ಹೋಗುತ್ತದೆ. ರೊಸಾಲ್ಬಾ ಎಲ್ಲವನ್ನೂ ಕೇಳಿಸಿಕೊಂಡಳು.

"ಸರಿ. ಬಲಗಿವಿಗೆ."

"ಅತ್ತಿಗೆ, ದುಡ್ಡಿದೆ ಅಂದ್ನಲ್ಲ," ಎಂದಳು ಚೆಲಾ. "ಯಾರಾದ್ರೂ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಓಡಾಡ್ತಾರಾ? ಏನಮ್ಮಾ, ನೀನಾದ್ರೂ ಹೇಳು ಇವಳಿಗೆ."

ಇತ್ಸೆಲ್ ಬಾಯಿ ತೆರೆದವಳು ರೊಸಾಲ್ಬಾಳ ಮುಖ ನೋಡಿದಳು. 

"ನಿಮ್ಮ ಪರಿಚಯದವರು," ಎಂದಳು ಕೊನೆಗೆ, "ಕೆಲಸದಲ್ಲಿ ಹುಷಾರಾಗಿರ್ತಾರಾ?"

"ಇರ್ತಾಳೆ. ಯಾವ ಕಿವಿಯ ಮಾತು ಕೇಳ್ಬೇಕು ಅಂತ ಅವಳಿಗೆ ಗೊತ್ತಾಗಿದೆ."

"ಯಾವ ಪರಿಚಯದವಳು? ಯಾರು?" ಎಂದು ಚೆಲಾ ಇಬ್ಬರ ಮುಖವನ್ನೂ ನೋಡಿದಳು.  ಇತ್ಸೆಲ್ ಗುಲಾಬಿ ಬಣ್ಣದ ಹಿಟ್ಟನ್ನು ನಾದಿ ರೊಸಾಲ್ಬಾಳ ಬಲಗಿವಿಯೊಳಗೆ ತುಂಬಿ ಅಚ್ಚು ತೆಗೆದಳು. ಅದು ತಣ್ಣಗಿತ್ತು. ಗಟ್ಟಿಯಾಗುವವರೆಗೂ ಆ ಕಿವಿ ಪೂರ್ತಿ ಮುಚ್ಚಿಹೋಗಿತ್ತು. ಎಡಗಡೆಯಿಂದ ಅವನು ಎರಡು ಸಲ ಕರೆದ.

ಮದ್ದಿನ ಕೋಣೆಗೆ ಮರಳಿದ ದಿನ ಎಲಿಸೆಯೊ ಅವಳನ್ನು ಬೆನ್ನು ತಿರುಗಿಸಿ ನಿಲ್ಲಿಸಿದ. ಕಳ್ಳಿಪೊದೆಯ ಹಿಂದಿನಿಂದ, ಗುಡ್ಡದ ಮೇಲಿನಿಂದ, ನೀರಿನ ತೊಟ್ಟಿಯ ಆಚೆಯಿಂದ ಶಿಳ್ಳೆ ಹಾಕಿದ. ಪ್ರತಿ ಸಲವೂ ಅವಳು ಚಿಕ್ಕದಾಗಿ ಎರಡು ಸಲ ಉತ್ತರ ಕೊಟ್ಟಳು. ಅವನು ಸುಮ್ಮನಿದ್ದಾಗ ಸುಮ್ಮನಿದ್ದಳು. ಅವನು ಬೇಕೆಂದೇ ಬಹಳ ಹೊತ್ತು ಸುಮ್ಮನಿದ್ದ. ಅವಳ ಕತ್ತಿನ ನರ ಎದ್ದು ನಿಂತದ್ದು ಅವನಿಗೆ ಕಾಣಿಸಲಿಲ್ಲ.

"ಒಂದೇ ಯಾಕೆ ತಗೊಂಡೆ?"

"ಸಾಕು ಭಾವ. ಇದರಲ್ಲೇ ನಿಮ್ಮ ಗೊರಕೆ ಕೂಡ ಪಕ್ಕದ ಬೀದಿಗೆ ಕೇಳುತ್ತೆ."

"ಅದಕ್ಕೆ ಯಂತ್ರ ಯಾಕೆ? ನನ್ನ ಹೆಂಡತಿ ಊರಿಗೇ ಹೇಳಿದಾಳೆ." ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ. ಮಾತು ಮುಗಿಸಿ ಹೊರಡುವವನು ನಿಂತ. "ನೀಲಿ ಮಾಡು ರೊಸಾಲ್ಬಾ. ಹಬ್ಬ ಹತ್ತಿರ ಬಂತು. ಈ ಸಲದ ಗೂಳಿಗೆ ನೀಲಿ ಇಲ್ದಿದ್ರೆ ಜನ ನನ್ನನ್ನೇ ಉರಿಸ್ತಾರೆ."

ಅವಳು ಬರಿಗಾಲಲ್ಲಿ ಒಳಗೆ ಹೋದಳು. ಗೋಡೆಗಳಿಗೆ ಹೊಸ ಸುಣ್ಣ ಹೊಡೆದಿತ್ತು. ನೆಲಕ್ಕೆ ನೀರು ಚಿಮುಕಿಸಿ, ಮಂಡಿಯೂರಿ ಕುಳಿತು, ಜರಡಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಆಡಿಸತೊಡಗಿದಳು. ಹಸಿರು ಮಿಶ್ರಿತ ಪುಡಿ ಬಟ್ಟೆಯ ಮೇಲೆ ಸದ್ದಿಲ್ಲದೆ ಬೀಳುತ್ತದೆ ಎಂದು ಅವಳು ತಿಳಿದಿದ್ದಳು. ಸದ್ದಿತ್ತು. ಬಹಳ ಸಣ್ಣ ಸದ್ದು, ಯಾರೋ ತೆಳುವಾದ ಬಟ್ಟೆ ಮಡಿಸುತ್ತಿರುವಂತೆ.

ಎಡಗಡೆಯಿಂದ ಅವನು ಕರೆದ.

ಜರಡಿ ನಿಂತಿತು. ಅವಳು ಕಾದಳು. ಅವನು ಮತ್ತೆ ಕರೆದ, ಅದೇ ಆತುರದಲ್ಲಿ. ಉತ್ತರ ಸಿಗದ ಮೇಲೆ ಕಲ್ಲು ಬಿಟ್ಟು ಕದಲುವಂತಿಲ್ಲ. ಅವನು ನಿಯಮ ಮೀರುವವನಲ್ಲ. ಅಲ್ಲೇ ನಿಂತಿರುತ್ತಾನೆ, ತಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತು, ಹಣೆಯ ಬೆವರು ಒರೆಸಿಕೊಳ್ಳಲೂ ಆಗದೆ. ರೊಸಾಲ್ಬಾ ತುಟಿಗಳನ್ನು ಒಳಕ್ಕೆ ಎಳೆದು ಹಲ್ಲುಗಳ ನಡುವೆ ಹಿಡಿದುಕೊಂಡಳು. ಮತ್ತೆ ಜರಡಿ ಆಡಿಸಿದಳು. ಅವನು ಕರೆಯುತ್ತಿದ್ದ. ಬಾಗಿಲ ಸಂದಿಯ ಬಿಸಿಲು ನೆಲದ ಮೇಲೆ ಒಂದು ಅಂಗೈಯಷ್ಟು ಸರಿಯಿತು.

ಆಗ ಬಲಗಡೆಯಿಂದ ಇನ್ನೊಂದು ಶಿಳ್ಳೆ ಬಂತು. ಒರಟಾಗಿ, ಮೂರು ತುಂಡಾಗಿ. ಎಲಿಸೆಯೊನದು.

ಅವಳು ಜರಡಿ ಕೆಳಗಿಟ್ಟಳು. ತಟ್ಟೆಯ ಮೇಲೆ ಬಟ್ಟೆ ಹಾಸಿ ನಾಲ್ಕೂ ಅಂಚು ಒತ್ತಿದಳು. ಕೈ ಒರೆಸಿಕೊಂಡಳು. ಚಿಕ್ಕದಾಗಿ ಎರಡು ಸಲ ಉತ್ತರ ಕೊಟ್ಟು, ಎದ್ದು ಹೋಗಿ ಬಾಗಿಲು ತೆರೆದಳು.

ಎಲಿಸೆಯೊ ಗುಳಿಗೆಗಳ ತಟ್ಟೆ ಹೊತ್ತು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಬಂದ. ಅವಳ ಪಕ್ಕದಿಂದ ಒಳಗೆ ಹೋಗಿ ತಟ್ಟೆಯನ್ನು ಹಲಗೆಯ ಮೇಲೆ ಇಳಿಸಿದ.

"ಬಾಗಿಲು ಹಾಕು, ಗಾಳಿ ಬರ್ತಿದೆ."

"ಹಾಕ್ತೀನಿ ತಾಳಿ ಭಾವ."

ರೊಸಾಲ್ಬಾ ಗೋಡೆಗೆ ಬೆನ್ನು ಒತ್ತಿ, ಬಾಗಿಲನ್ನು ಅಗಲವಾಗಿ ಹಿಡಿದು ನಿಂತಳು. ಭಾರದ ತಟ್ಟೆ ಹೊತ್ತ ಇನ್ನೊಬ್ಬ ಮನುಷ್ಯ ಬಿಳಿಕಲ್ಲಿನಿಂದ ಹೊಸ್ತಿಲವರೆಗೆ ಎಚ್ಚರಿಕೆಯಿಂದ ನಡೆದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು, ಯಾರ ಹಿಮ್ಮಡಿಗೂ ತಾಗದ ಹಾಗೆ.